ತೋಟ ಚೊಕ್ಕವಾಯಿತು, ಮಣ್ಣಿನ ಗತಿ?

ಮಲೆನಾಡಿನ ಅಡಿಕೆ ತೋಟಗಳಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ಮರಗಳ ಕೆಳಗೆ ಹುಲ್ಲೆಲ್ಲ ಕೆಂಪಗೆ ಸುಟ್ಟು ಮಲಗಿರುವ ತೋಟಗಳು ಕಾಣುತ್ತವೆ. ಬೆಂಕಿ ಬಿದ್ದದ್ದಲ್ಲ, ಕಳೆನಾಶಕ ಹೊಡೆಸಿದ್ದು. ಕೇಳಿದರೆ "ತೋಟ ಚೊಕ್ಕ ಆಯ್ತು ನೋಡಿ" ಎನ್ನುತ್ತಾರೆ. ನೆಲ ಬೋಳಾಗುವುದನ್ನು ಚೊಕ್ಕ ಎಂದು ಕರೆಯಲು ನಾವು ಯಾವಾಗ ಕಲಿತೆವು?

"ಮಣ್ಣಿಗೆ ತಾಗಿದ ಕೂಡಲೇ ಇದರ ಶಕ್ತಿ ಹೋಗುತ್ತೆ, ಏನೂ ಆಗಲ್ಲ" ಎಂಬ ಮಾತು ಔಷಧಿ ಅಂಗಡಿಗಳಲ್ಲಿ ಕೇಳುತ್ತಲೇ ಇರುತ್ತದೆ. ಇದು ಅರ್ಧ ಸತ್ಯ. ಗ್ಲೈಫೋಸೇಟ್ ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದು ನಿಜ. ಆದರೆ ಅಂಟಿಕೊಂಡದ್ದು ಮಾಯವಾಗುವುದಿಲ್ಲ. ಅದು ಒಡೆದು ಆಂಪಾ ಎಂಬ ಇನ್ನೊಂದು ರಾಸಾಯನಿಕವಾಗುತ್ತದೆ, ಅದು ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಕೆಲವು ಅಮೈನೋ ಆಮ್ಲಗಳು ತಯಾರಾಗದಂತೆ ತಡೆದು ಈ ವಿಷ ಗಿಡವನ್ನು ಕೊಲ್ಲುತ್ತದೆ. ಅವನ್ನು ತಯಾರಿಸುವ ಅದೇ ದಾರಿ ಮಣ್ಣಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳಲ್ಲೂ ಇದೆ.

ಎರೆಹುಳುವಿನ ಕಥೆ ಕೇಳಿ. 2015ರಲ್ಲಿ ಆಸ್ಟ್ರಿಯಾದ ಸಂಶೋಧಕರು ಕುಂಡಗಳಲ್ಲಿ ಹುಲ್ಲು ಬೆಳೆಸಿ ಗ್ಲೈಫೋಸೇಟ್ ಕಳೆನಾಶಕ ಹೊಡೆದು ನೋಡಿದರು. ಆಳಕ್ಕೆ ಬಿಲ ಕೊರೆಯುವ ಜಾತಿಯ ಹುಳುಗಳು ಮೂರು ವಾರದಲ್ಲಿ ಮೇಲೆ ಬಂದು ಹಿಕ್ಕೆ ಹಾಕುವುದನ್ನೇ ಬಹುತೇಕ ನಿಲ್ಲಿಸಿದವು. ಇನ್ನೊಂದು ಜಾತಿಯ ಸಂತಾನ ಮೂರು ತಿಂಗಳಲ್ಲಿ ಶೇ. 56ರಷ್ಟು ಇಳಿಯಿತು. ಅದು ನಮ್ಮ ಮಣ್ಣಲ್ಲ, ನಮ್ಮ ಹುಳುವೂ ಅಲ್ಲ. ಆದರೆ "ಏನೂ ಆಗಲ್ಲ" ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಇನ್ನೊಂದು ಪೆಟ್ಟು ಮಳೆಯದು. ಹುಲ್ಲಿದ್ದರೆ ಮಳೆ ಹನಿ ಎಲೆಯ ಮೇಲೆ ಬೀಳುತ್ತದೆ, ಬೇರು ಮಣ್ಣನ್ನು ಹಿಡಿದಿಡುತ್ತದೆ. ಬೋಳು ನೆಲದ ಮೇಲ್ಮಣ್ಣು ಆಷಾಢದ ಮಳೆಗೆ ಬಸಿಗಾಲುವೆ ಸೇರಿ ಹಳ್ಳಕ್ಕೆ ಹೋಗುತ್ತದೆ. ಅಂಟಿಕೊಂಡ ವಿಷವೂ ಜೊತೆಗೇ ಹೋಗುತ್ತದೆ. ಅಡಿಕೆಗೆ ತಾಯಿಬೇರಿಲ್ಲ, ಇರುವುದು ನಾರುಬೇರು. ಮೇಲ್ಮಣ್ಣು ಹೋದರೆ ಅದಕ್ಕೆ ಹೊಟ್ಟೆಗೇನು? ಹಾಕಿದ ಗೊಬ್ಬರ ನಿಲ್ಲುವುದೆಲ್ಲಿ?

"ಆಳು ಸಿಗಲ್ಲ, ಕೂಲಿ ಕೊಟ್ಟು ಪೂರೈಸಲ್ಲ" ಎನ್ನುವವರ ಕಷ್ಟ ಸುಳ್ಳಲ್ಲ. ನಮ್ಮ ಮನೆಯಲ್ಲೂ ಅದೇ ಕಷ್ಟ. ಆದರೆ ಕಳೆಯನ್ನು ಕೊಲ್ಲಲೇಬೇಕೆಂದು ಯಾರು ಹೇಳಿದರು? ಮಳೆಗಾಲಕ್ಕೆ ಮೊದಲು ಒಮ್ಮೆ, ಕೊನೆಕೊಯ್ಲಿಗೆ ಮೊದಲು ಒಮ್ಮೆ ಯಂತ್ರದಲ್ಲಿ ಹುಲ್ಲು ಹೊಡೆಸಿ. ಕತ್ತರಿಸಿದ್ದನ್ನು ಅಲ್ಲೇ ಬಿಡಿ, ಅದೇ ಗೊಬ್ಬರ. ಕೊಟ್ಟಿಗೆಯಲ್ಲಿ ದನ ಇದ್ದರೆ ಅದೇ ಮೇವು. ಯಂತ್ರ ಕೊಳ್ಳಲು ಆಗದವರು ನಾಲ್ಕು ಮನೆ ಸೇರಿ ಒಂದು ತನ್ನಿ.

ಕಾನೂನೂ ಗೊತ್ತಿರಲಿ. ದೇಶದಲ್ಲಿ ಗ್ಲೈಫೋಸೇಟ್‌ಗೆ ನೋಂದಣಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ, ಅಡಿಕೆಗಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವಿದೆ ಎಂದಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಕೀಟ ನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಇದನ್ನು ಬಳಸಬೇಕೆಂದು ಆದೇಶಿಸಿತು. ನಮ್ಮೂರಲ್ಲಿ ಹೊಡೆಯುವವರು ಯಾರು? ಲುಂಗಿ ಮೇಲೆ ಕಟ್ಟಿ, ಬರಿಗಾಲಲ್ಲಿ ಕ್ಯಾನು ಹೊತ್ತ ಕೂಲಿಯವರು. ಪರವಾನಗಿ ಹಾಗಿರಲಿ, ಅವರ ಕೈಗೆ ಗ್ಲೌಸಾದರೂ ಇದೆಯೇ?

ಅಮ್ಮ ಮೊದಲೆಲ್ಲ ತಂಬುಳಿಗೆ ತೋಟದ ಬಸಿಗಾಲುವೆ ಬದಿಯಿಂದಲೇ ಒಂದೆಲಗ ಕಿತ್ತು ತರುತ್ತಿದ್ದಳು. ಈಗ ಕೀಳುವ ಮೊದಲು ಕೇಳುತ್ತಾಳೆ: "ಮೇಲಿನ ತೋಟಕ್ಕೆ ಔಷಧಿ ಹೊಡೆಸಿದಾರಾ?"

ತೋಟದ ಸೊಪ್ಪು ತಿನ್ನಲು ಹೆದರುವ ಸ್ಥಿತಿ ಬಂದ ಮೇಲೆ, ಅದನ್ನು ಔಷಧಿ ಎಂದು ಕರೆಯುವುದನ್ನಾದರೂ ನಿಲ್ಲಿಸೋಣ. ಅದು ವಿಷ.