ಕಪ್ಪೆಬಾಯಿಗೆ ಕ್ಯಾಮೆರಾ, ನತ್ತಿಂಗಕ್ಕೆ ಜೆಸಿಬಿ

ಗಣೇಶಗುಡಿಯ ಕಪ್ಪೆಬಾಯಿ ಹಕ್ಕಿ ಜೋಡಿ ಒಣ ಎಲೆಗಳ ಹಾಗೆ ಅಂಟಿಕೊಂಡು ಕೂತಿರೋ ಫೋಟೋ ನಮ್ಮಲ್ಲಿ ಎಷ್ಟೋ ಜನರ ಫೋನಿನಲ್ಲಿದೆ. ಇರಲಿ, ಚೆಂದದ ಹಕ್ಕಿಯೇ. ಆದರೆ ಅದರ ದೂರದ ನೆಂಟ ನತ್ತಿಂಗ ನಮ್ಮ ಹಾಸ್ಟೆಲ್ ಹಿಂದಿನ ಕುರುಚಲಲ್ಲೇ ಇದೆ ಅಂದ್ರೆ ಯಾರೂ ತಿರುಗಿಯೂ ನೋಡಲ್ಲ.

ಎರಡೂ ಇರುಳಲ್ಲಿ ಹುಳ ಹಿಡಿಯುವಂಥವೇ. ಎರಡಕ್ಕೂ ಅಗಲ ಬಾಯಿ, ಹಗಲಲ್ಲಿ ಕಣ್ಣೆದುರಿದ್ದರೂ ಕಾಣದ ಬಣ್ಣ. ಸಂಸಾರ ಮಾತ್ರ ಬೇರೆ. ಕಪ್ಪೆಬಾಯಿ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದ ಕಾಡಿನದು. ಕೊಂಬೆ ಮೇಲೆ ಪುಟ್ಟ ಗೂಡು ಕಟ್ಟಿ ಒಂದೇ ಮೊಟ್ಟೆ ಇಡುತ್ತೆ, ಹಗಲು ಕಾವು ಕೊಡೋದು ಗಂಡು. ನತ್ತಿಂಗಕ್ಕೆ ಗೂಡಿನ ಗೊಡವೆಯೇ ಇಲ್ಲ. ಬರಿ ನೆಲದ ಮೇಲೆ ಎರಡು ಮೊಟ್ಟೆ, ಅಷ್ಟೇ. ಮುಸ್ಸಂಜೆಗೆ ಟೇಬಲ್ ಟೆನಿಸ್ ಚೆಂಡು ಪುಟಿದು ಪುಟಿದು ನಿಂತ ಹಾಗೆ 'ಚಕ್ ಚಕ್ ಚಕ್‌ರ್ರ್' ಅಂತ ಕೇಳುತ್ತಲ್ಲ, ಅದೇ ಇದು.

ಈ ನೆಲದ ಮೊಟ್ಟೆಯೇ ನಮ್ಮ ತಕರಾರಿನ ಮೂಲ. ಮರ ಕಡಿದ್ರೆ ಕೇಳೋಕೆ ನಾಲ್ಕು ಜನ ಬರ್ತಾರೆ. ಕುರುಚಲಿಗೆ 'ಪಾಳು ಜಾಗ' ಅಂತ ಹೆಸರಿಟ್ಟು ಒಂದೇ ಬೆಳಗ್ಗೆ ಸಮ ಮಾಡಿದ್ರೆ ಯಾರು ಕೇಳ್ತಾರೆ? ಈಗ ಅಲ್ಲಿ ಪಾರ್ಕಿಂಗ್ ಬರುತ್ತಂತೆ. ಇರೋ ಪಾರ್ಕಿಂಗೇ ಅರ್ಧ ಖಾಲಿ, ಆ ಮಾತು ಬೇರೆ. ಬೇಕೇ ಬೇಕು ಅಂದ್ರೆ ಮೇನ್ ಗೇಟ್ ಪಕ್ಕ ಕಾಂಕ್ರೀಟ್ ಹಾಕಿದ ಜಾಗವೇ ಇದೆ. ಮರಿಗಳು ಹಾರೋವರೆಗಾದರೂ ಜೆಸಿಬಿ ನಿಲ್ಲಲಿ. ರಾತ್ರಿ ಆ ರಸ್ತೆಯಲ್ಲಿ ಬೈಕ್ ಓಡಿಸೋರು ಹೆಡ್‌ಲೈಟಿಗೆ ಕೆಂಪು ಕಣ್ಣು ಹೊಳೆದ ಕಡೆ ಬ್ರೇಕ್ ಒತ್ತಲಿ. ಮನವಿಯ ಹಾಳೆ ಕ್ಯಾಂಟೀನ್ ಕೌಂಟರಿನಲ್ಲಿದೆ, ಟೀ ಕುಡಿಯೋಕೆ ಹೋದಾಗ ಒಂದು ಸಹಿ ಹಾಕಿ.