ಕರುಳಿನ ರೋಗಿಗೆ ಕೆಮ್ಮು ಬಂದಾಗ

ಕರುಳಿನ ಉರಿಯೂತದಿಂದ ನರಳುವವರಿಗೆ ಕೆಮ್ಮು ಹತ್ತಿದರೆ ಮನೆಯವರು ಧೂಳು, ಚಳಿ, ಫ್ಯಾನಿನ ಗಾಳಿ ಎಂದು ಕಾರಣ ಹುಡುಕುತ್ತಾರೆ. ಕರುಳಿನ ಕಡೆ ಯಾರೂ ನೋಡುವುದಿಲ್ಲ. ಎದೆಯ ಡಾಕ್ಟರ ಮುಂದೆ ರಕ್ತಭೇದಿಯ ಮಾತೆತ್ತಲು ನಾಚಿಕೆ ಬೇರೆ. ಈ ನಾಚಿಕೆಯನ್ನು ಬಿಡಲೇಬೇಕು ಎಂಬುದು ನನ್ನ ಅಭಿಪ್ರಾಯ.

ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆಗಳು ಕರುಳಿಗೆ ಮಾತ್ರ ಸೀಮಿತವಲ್ಲ. ಕೀಲು, ಚರ್ಮ, ಕಣ್ಣುಗಳಿಗೂ ತೊಂದರೆ ಕೊಡುತ್ತವೆ. ಕಾರಣ ತಿಳಿಯದ ಹಳೆಯ ಕೆಮ್ಮು, ಕಫವಿದ್ದ ಇಂಥ ಆರು ರೋಗಿಗಳ ಬಗ್ಗೆ 1976ರಲ್ಲಿಯೇ ಅಮೆರಿಕದ ವೈದ್ಯರು ಬರೆದಿದ್ದರು. ಗರ್ಭದಲ್ಲಿ ಶ್ವಾಸಕೋಶ ಮೊಳೆಯುವುದು ಅನ್ನನಾಳ, ಜಠರಗಳಾಗುವ ಅದೇ ನಳಿಕೆಯಿಂದ. ಹಾಗಾಗಿ ಈ ನಂಟು ತೀರಾ ಅಚ್ಚರಿಯದೇನಲ್ಲ. ಕೆಲವರಲ್ಲಿ ಶ್ವಾಸನಾಳಗಳು ಹಿಗ್ಗಿ ದಿನವೂ ಕಫ ಬರುತ್ತದೆ. ದೊಡ್ಡ ಕರುಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೇಲೂ ಇದು ಶುರುವಾಗಬಹುದು. ಕರುಳೇ ಇಲ್ಲ, ಇನ್ನೆಲ್ಲಿಯ ರೋಗ ಎನ್ನುವಂತಿಲ್ಲ! ಇಂಥ ಕೆಮ್ಮಿಗೆ ಆಂಟಿಬಯೋಟಿಕ್ ಕೋರ್ಸುಗಳಿಗಿಂತ ಸ್ಟೀರಾಯ್ಡ್ ಇನ್‌ಹೇಲರ್ ಹೆಚ್ಚು ಉಪಯೋಗಕ್ಕೆ ಬರುವುದುಂಟು. ಆದರೆ ಕರುಳಿನ ವಿಷಯ ಗೊತ್ತಿಲ್ಲದ ಡಾಕ್ಟರಿಗೆ ಅದು ಹೊಳೆಯುವುದು ಹೇಗೆ?

ಔಷಧಿಯ ಮಾತೂ ಇದೆ. ಮೆಸಲಮೈನ್, ಸಲ್ಫಾಸಲಜಿನ್ ಮಾತ್ರೆಗಳು ಅಪರೂಪಕ್ಕೆ ಶ್ವಾಸಕೋಶದಲ್ಲಿ ಉರಿಯೂತ ತರುತ್ತವೆ. ಇದನ್ನು ಓದಿ ಮಾತ್ರೆ ಬಿಟ್ಟುಬಿಡಬೇಡಿ. ಬಿಟ್ಟರೆ ಕರುಳು ಮತ್ತೆ ಕೆರಳುತ್ತದೆ. ಹೊಸ ಕೆಮ್ಮು, ಜ್ವರ, ಏದುಸಿರು ಕಂಡರೆ ಡಾಕ್ಟರಿಗೆ ಹೇಳಿ, ಬದಲಾವಣೆ ಅವರೇ ಮಾಡಲಿ.

ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಿರುವುದು ಕ್ಷಯದ ಬಗ್ಗೆ. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್ ಇಂಜೆಕ್ಷನ್‌ಗಳು ಎದೆಯಲ್ಲಿ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಅದಕ್ಕೇ ಮೊದಲು ಎಕ್ಸ್‌ರೇ, ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಜೊತೆಗೆ ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ ಎಂದೂ ಕೇಳುತ್ತಾರೆ. ಹುಡುಗಿಗೆ ಸಂಬಂಧ ನೋಡುತ್ತಿರುವ ಮನೆಯವರು ಆಗ ಮುಖ ಮುಖ ನೋಡಿಕೊಂಡು ‘ಇಲ್ಲ’ ಎಂದುಬಿಡುತ್ತಾರೆ. ಅಜ್ಜನ ಕ್ಷಯವನ್ನು ಬಚ್ಚಿಟ್ಟು ಆ ಹುಡುಗಿಯ ಜೀವವನ್ನೇ ಅಪಾಯಕ್ಕೆ ಒಡ್ಡುವುದು ಯಾವ ಮರ್ಯಾದೆ?

ಇನ್ನೊಂದು ಮಾತು. ಕರುಳಿನ ರೋಗ ಕೆರಳಿದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಭಯವಿರುತ್ತದೆ. ಒಂದು ಕಾಲು ಬಾತುಕೊಂಡರೆ, ಎದೆನೋವಿನೊಂದಿಗೆ ಹಠಾತ್ತನೆ ಉಸಿರು ಕಟ್ಟಿದರೆ ಕಷಾಯ ಕಾಯಿಸುತ್ತ ಕೂರಬೇಡಿ, ಬೆಳಗಾಗಲಿ ಎಂದೂ ಕಾಯಬೇಡಿ. ಕರುಳಿನ ಫೈಲು ಕೈಯಲ್ಲಿ ಹಿಡಿದು ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.