ಚಂದ್ರನಿಗೆ ಕಣ್ಣೋ, ಲೆಕ್ಕವೋ?

2024ರಲ್ಲಿ ಅಮಾವಾಸ್ಯೆ ಮುಗಿದದ್ದು ಏಪ್ರಿಲ್ 8ರ ರಾತ್ರಿ 11.50ರ ಸುಮಾರಿಗೆ. ಮರುದಿನ ಯುಗಾದಿ. ಆ ಸಂಜೆ ಹೊತ್ತು ಮುಳುಗುವಾಗ ಚಂದ್ರನಿಗೆ ಹತ್ತಿರ ಹತ್ತಿರ 19 ಗಂಟೆ ವಯಸ್ಸು. ಚಂದ್ರದರ್ಶನವಾಯಿತೆಂದು ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ 10ಕ್ಕೇ ರಂಜಾನ್ ಹಬ್ಬ ಮಾಡಿದರು. ರಾಜ್ಯದ ಉಳಿದ ಕಡೆ ಮೂವತ್ತು ಉಪವಾಸ ಪೂರೈಸಿ 11ಕ್ಕೆ. ಒಂದೇ ರಾಜ್ಯದಲ್ಲಿ ಎರಡು ದಿನ ಯಾಕೆ, ಲೆಕ್ಕ ಹಾಕಿ ಮೊದಲೇ ಗೊತ್ತು ಮಾಡಬಾರದೇ ಎಂಬ ಮಾತು ಇಂಥ ಪ್ರತಿ ಸಲವೂ ಏಳುತ್ತದೆ.

ಆ ಮಾತಿಗೆ ಬಲವಿದೆ. ಅಮಾವಾಸ್ಯೆಯ ಗಳಿಗೆ ನಿಮಿಷದ ಮಟ್ಟಿಗೆ ಮುಂಚೆಯೇ ಸಿಗುತ್ತದೆ. ಸೂರ್ಯನಿಂದ ಏಳು ಡಿಗ್ರಿ ದೂರ ಸರಿಯದ ಚಂದ್ರ ಬರಿಗಣ್ಣಿಗೆ ಕಾಣುವುದಿಲ್ಲ. ಟರ್ಕಿಯಲ್ಲಿ ಲೆಕ್ಕದ ಮೇಲೆಯೇ ಹಬ್ಬ. ದಾವೂದಿ ಬೋಹ್ರಾಗಳದ್ದೂ ನಿಗದಿತ ಪಂಚಾಂಗ. ಬೆಂಗಳೂರಲ್ಲಿ ದುಡಿಯುವ ಮಕ್ಕಳು ರಜೆ ಕೇಳಿ, ಬಸ್ಸು ಹಿಡಿದು ಊರು ಸೇರಬೇಕು. ಅವರ ತೊಂದರೆ ಸಣ್ಣದೇನಲ್ಲ.

ಆದರೆ ಕಂಡು ಉಪವಾಸ ಹಿಡಿಯಬೇಕು, ಕಂಡು ಬಿಡಬೇಕು, ಮೋಡವಿದ್ದರೆ ಮೂವತ್ತು ತುಂಬಿಸಬೇಕು ಎಂಬುದು ಪ್ರವಾದಿಯವರು ಹಾಕಿಕೊಟ್ಟ ದಾರಿ. ಗಣಿತ ಬಾರದ ಕೂಲಿಯವನ ಕಣ್ಣಿಗೂ ಅಲ್ಲಿ ಪಂಡಿತನ ಕಣ್ಣಿನಷ್ಟೇ ಬೆಲೆ. ಈ ಸಮಾನತೆಯನ್ನು ಹಗುರವಾಗಿ ಬಿಟ್ಟುಕೊಡಬಾರದು.

ದಾವಣಗೆರೆ ಜಿಲ್ಲೆಯ ನಮ್ಮ ಸಂತೇಬೆನ್ನೂರಿನಲ್ಲೇ ನೋಡಿ. ಪುಷ್ಕರಣಿಯ ಕೆಳಮೆಟ್ಟಿಲಲ್ಲಿ ನಿಂತರೆ ಪಡುವಣ ದಿಗಂತ ಸಿಗದು. ಅಡಿಕೆ ತೋಟದೊಳಗೂ ಅಷ್ಟೇ. ತಾರಸಿ ಹತ್ತಬೇಕು, ಇಲ್ಲವೇ ಬಯಲ ಹೊಲಕ್ಕೆ ಹೋಗಬೇಕು. ಹೊತ್ತು ಮುಳುಗಿ ಇಪ್ಪತ್ತು ನಿಮಿಷವಾದ ಮೇಲೆ, ಸೂರ್ಯ ಇಳಿದ ಜಾಗದ ಆಸುಪಾಸಿನಲ್ಲಿ, ಚಾಚಿದ ಕೈಯ ಮುಷ್ಟಿಯಷ್ಟು ಎತ್ತರದೊಳಗೆ ಹುಡುಕಬೇಕು. ಧೂಳು, ಹೊಗೆ, ಒಂದು ತೆಳುಮೋಡ ಸಾಕು, ತಪ್ಪಿಹೋಗುತ್ತದೆ. ಮಂಗಳೂರಿಗೂ ಇಲ್ಲಿಗೂ ಸೂರ್ಯಾಸ್ತದ ಅಂತರ ನಾಲ್ಕೈದು ನಿಮಿಷವಷ್ಟೆ, ಆಕಾಶ ಹೆಚ್ಚುಕಡಿಮೆ ಒಂದೇ. ಆದರೆ ಮಂಗಳೂರಿನವರ ಮುಂದೆ ತೆರೆದ ಕಡಲು, ಇಲ್ಲಿ ತಪ್ಪಿದ ಚಂದ್ರ ಅಲ್ಲಿ ಕಂಡಿರಬಹುದು. ಹಾಗಾಗಿ ಹಬ್ಬ ಎರಡಾಗುವುದಕ್ಕೆ ಚಂದ್ರನಿಗಿಂತ ಮುಖ್ಯ ಕಾರಣ, ಯಾರ ಸಾಕ್ಷಿಯನ್ನು ಯಾರು ಒಪ್ಪುತ್ತಾರೆ ಎಂಬುದು.

ಯುಗಾದಿಯ ದಿನವನ್ನು ಪಂಚಾಂಗ ಹೇಳುತ್ತದೆ, ಆದರೂ ಜನ ಚಂದ್ರನನ್ನು ಕಣ್ಣಾರೆ ಕಂಡೇ ಹಿರಿಯರ ಕಾಲಿಗೆ ಬೀಳುತ್ತಾರೆ. ಲೆಕ್ಕವೂ ಕಣ್ಣೂ ಒಂದೇ ಮನೆಯಲ್ಲಿ ಬಾಳಿವೆ. 2025ರ ಮಾರ್ಚ್ 29ರ ಸಂಜೆ ಚಂದ್ರನಿಗೆ ಇಲ್ಲಿ ಬರೀ ಎರಡು ಗಂಟೆ ವಯಸ್ಸು. ಕಾಣುವ ಮಾತೇ ಇರಲಿಲ್ಲ. ಮರುದಿನ ಯುಗಾದಿಯ ಸಂಜೆಯ ಚಂದ್ರನೇ ರಂಜಾನ್ ಚಂದ್ರನೂ ಆದ.

ನನ್ನ ಮಟ್ಟಿಗೆ, ಕಾಣಲಾಗದ ಸಂಜೆಯನ್ನು ತಳ್ಳಿಹಾಕುವುದು ಲೆಕ್ಕದ ಕೆಲಸ; ಕಾಣಬಹುದಾದ ಸಂಜೆ ತೀರ್ಪು ಕಣ್ಣಿನದು. ಚಂದ್ರದರ್ಶನ ಸಮಿತಿಗಳು ವಾರ ಮೊದಲೇ ಆ ಲೆಕ್ಕವನ್ನು ಊರೂರಿಗೆ ಕನ್ನಡದಲ್ಲಿ ತಿಳಿಸಲಿ, ಕರಾವಳಿಯ ಸಾಕ್ಷಿಯನ್ನೂ ಕೂತು ಕೇಳಲಿ.